ವಯಸ್ಸಾದವರಿಗೆ ಹಾಸಿಗೆಯೇ ಮದ್ದೇ? ಆ ನಂಬಿಕೆಯನ್ನು ಪ್ರಶ್ನಿಸಿದ ವೈದ್ಯೆ ಮ್ಯಾರ್ಜರಿ ವಾರೆನ್

ಎಂಬತ್ತು ದಾಟಿದ ಅಜ್ಜಿ ಬಚ್ಚಲಲ್ಲಿ ಜಾರಿ ಬೀಳುತ್ತಾರೆ. ಎಕ್ಸ್‌ರೇ ತೆಗೆದಾಗ ಸೊಂಟದ ಬಳಿ ತೊಡೆಮೂಳೆ ಮುರಿದಿರುವುದು ಗೊತ್ತಾಗುತ್ತದೆ. ಆಪರೇಷನ್ ಆಗಬೇಕು ಎಂದು ಡಾಕ್ಟರ್ ಹೇಳಿದ ಕೂಡಲೇ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ? ಅನಸ್ತೇಶಿಯಾ ತಡೆದುಕೊಳ್ಳುತ್ತಾರೆಯೇ? ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ, ಚೆನ್ನಾಗಿ ನೋಡಿಕೊಂಡರೆ ಸಾಲದೇ?

ಈ ಪ್ರಶ್ನೆಗಳು ಪ್ರೀತಿಯಿಂದಲೇ ಬರುತ್ತವೆ. ಆದರೆ ಅವುಗಳ ಹಿಂದೆ ಎರಡು ನಂಬಿಕೆಗಳಿವೆ. ಮೊದಲನೆಯದು, ವಯಸ್ಸಾದ ದೇಹ ಶಸ್ತ್ರಚಿಕಿತ್ಸೆಯನ್ನು ತಾಳಲಾರದು ಎಂಬುದು. ಎರಡನೆಯದು, ಮಲಗಿಸಿ ಇಟ್ಟರೆ ಲಾಭ ಆಗದಿದ್ದರೂ ನಷ್ಟವಂತೂ ಇಲ್ಲ ಎಂಬುದು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದು ತಪ್ಪು, ಎಷ್ಟೋ ಸಲ ಜೀವಕ್ಕೇ ಎರವಾಗುವಂಥ ತಪ್ಪು.

ಈ ಎರಡನೆಯ ನಂಬಿಕೆಯ ಮೇಲೆಯೇ ಒಂದು ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ದೊಡ್ಡ ವಾರ್ಡ್‌ಗಳು ನಡೆಯುತ್ತಿದ್ದವು. ಅದನ್ನು ಅಲುಗಾಡಿಸಿದವರಲ್ಲಿ ಮೊದಲಿಗರು ಡಾ. ಮ್ಯಾರ್ಜರಿ ವಾರೆನ್. ಇಂದು ಹಿರಿಯರಿಗಾಗಿಯೇ ರೂಪಿಸಿದ ಶಸ್ತ್ರಚಿಕಿತ್ಸಾ ವಿಭಾಗಗಳು ಅನುಸರಿಸುವ ಮೂಲ ನಿಯಮಗಳಲ್ಲಿ ಹೆಚ್ಚಿನವು ಅವರು ಲಂಡನ್ನಿನ ಅಂಚಿನ ಒಂದು ಆಸ್ಪತ್ರೆಯಲ್ಲಿ ಮಾಡಿ ತೋರಿಸಿದಂಥವು. ಅವರ ಬದುಕನ್ನು, ಜೊತೆಗೆ ಆ ನಿಯಮಗಳ ಹಿಂದಿನ ವಿಜ್ಞಾನವನ್ನು ಈ ಲೇಖನದಲ್ಲಿ ನೋಡೋಣ.

ಶಸ್ತ್ರಚಿಕಿತ್ಸೆಯತ್ತ ಒಲವಿದ್ದ ಯುವ ವೈದ್ಯೆ

ಮ್ಯಾರ್ಜರಿ ವಿನ್‌ಸಮ್ ವಾರೆನ್ ಹುಟ್ಟಿದ್ದು 1897ರ ಅಕ್ಟೋಬರ್ 28ರಂದು, ಲಂಡನ್ನಿನಲ್ಲಿ. ತಂದೆ ಬ್ಯಾರಿಸ್ಟರ್. ಐವರು ಹೆಣ್ಣುಮಕ್ಕಳಲ್ಲಿ ಇವರೇ ಹಿರಿಯರು. ನಾರ್ತ್ ಲಂಡನ್ ಕಾಲೇಜಿಯೇಟ್ ಶಾಲೆಯಲ್ಲಿ ಓದಿ, ನಂತರ ರಾಯಲ್ ಫ್ರೀ ಆಸ್ಪತ್ರೆಗೆ ಸೇರಿದ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿದರು. ಲಂಡನ್ನಿನ ಬಹುಪಾಲು ವೈದ್ಯಕೀಯ ಶಾಲೆಗಳು ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ್ದ ಅಥವಾ ಅರೆಬರೆ ತೆರೆದಿದ್ದ ಕಾಲ ಅದು. 1923ರಲ್ಲಿ ಅವರು ವೈದ್ಯೆಯಾಗಿ ಅರ್ಹತೆ ಪಡೆದರು.

1926ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಐಲ್‌ವರ್ತ್ ಎಂಬಲ್ಲಿನ ಆಸ್ಪತ್ರೆಗೆ ಸಹಾಯಕ ವೈದ್ಯಾಧಿಕಾರಿಯಾಗಿ ಬಂದರು. ಮುಂದೆ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಎಂದು ಹೆಸರಾದದ್ದು ಇದೇ. ಆಗ ಅವರ ಒಲವು ಇದ್ದದ್ದು ಶಸ್ತ್ರಚಿಕಿತ್ಸೆಯ ಕಡೆಗೆ. 1931ರಲ್ಲಿ ಆಸ್ಪತ್ರೆಯ ಉಪ ವೈದ್ಯಕೀಯ ನಿರ್ದೇಶಕಿಯಾದರು. ವೃದ್ಧರ ಆರೈಕೆ ಅವರು ಆರಿಸಿಕೊಂಡ ಕ್ಷೇತ್ರವೇನೂ ಆಗಿರಲಿಲ್ಲ. ಅಂಥ ಒಂದು ಕ್ಷೇತ್ರವೇ ಆಗ ಬ್ರಿಟನ್ನಿನಲ್ಲಿ ಇರಲಿಲ್ಲ.

ಹೆಸರಂತೂ ಹುಟ್ಟಿತ್ತು. ಆಸ್ಟ್ರಿಯಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ವೃತ್ತಿ ಮಾಡುತ್ತಿದ್ದ ಇಗ್ನಾಟ್ಸ್ ನ್ಯಾಶರ್ ಎಂಬ ವೈದ್ಯರು 1909ರಲ್ಲೇ ಜೀರಿಯಾಟ್ರಿಕ್ಸ್ ಎಂಬ ಪದವನ್ನು ಬಳಕೆಗೆ ತಂದಿದ್ದರು. ಮಕ್ಕಳಿಗೆ ಪ್ರತ್ಯೇಕ ವೈದ್ಯಶಾಸ್ತ್ರ ಇರುವ ಹಾಗೆ ವೃದ್ಧರಿಗೂ ಇರಬೇಕು ಎಂಬುದು ಅವರ ವಾದ. 1914ರಲ್ಲಿ ಈ ಬಗ್ಗೆ ಪುಸ್ತಕವನ್ನೂ ಬರೆದರು. ಆದರೆ ಪದ ಹುಟ್ಟಿದ ಮಾತ್ರಕ್ಕೆ ವಾರ್ಡ್ ಹುಟ್ಟುವುದಿಲ್ಲ. ಆ ಕೆಲಸ ಇನ್ನೊಬ್ಬರಿಗೆ ಕಾದಿತ್ತು.

1935: ಪಕ್ಕದ ಕಟ್ಟಡದ 714 ಮಂದಿ

ವಾರೆನ್ ಅವರ ಆಸ್ಪತ್ರೆಯ ಪಕ್ಕದಲ್ಲೇ ಹಳೆಯ ವರ್ಕ್‌ಹೌಸ್‌ಗೆ ಸೇರಿದ ಆರೈಕೆ ಕಟ್ಟಡವಿತ್ತು. ವರ್ಕ್‌ಹೌಸ್ ಎಂದರೆ ಬಡವರ ಕಾನೂನಿನಡಿ ದಿಕ್ಕಿಲ್ಲದವರನ್ನು ಇರಿಸಿಕೊಳ್ಳುತ್ತಿದ್ದ ಜಾಗ. ಅಲ್ಲಿಗೆ ಸೇರುವುದು ಅವಮಾನ ಎಂದೇ ಜನ ಭಾವಿಸುತ್ತಿದ್ದರು. 1929ರ ಸ್ಥಳೀಯ ಆಡಳಿತ ಕಾಯ್ದೆಯ ನಂತರ ಇಂಥ ಸಂಸ್ಥೆಗಳು ಕೌಂಟಿ ಆಡಳಿತಗಳ ಕೈಗೆ ಬಂದವು. 1935ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಈ ಕಟ್ಟಡವನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಅಲ್ಲಿದ್ದ 714 ಮಂದಿಯ ಹೊಣೆ ಡಾ. ವಾರೆನ್ ಅವರ ಮೇಲೆ ಬಿತ್ತು.

ಅಲ್ಲಿದ್ದವರಲ್ಲಿ ಹೆಚ್ಚಿನವರು ವಯಸ್ಸಾದವರು. ಅವರನ್ನೆಲ್ಲ ಒಟ್ಟಾಗಿ ವಾಸಿಯಾಗದ ರೋಗಿಗಳು ಎಂದು ಕರೆಯಲಾಗುತ್ತಿತ್ತು. ಪಾರ್ಶ್ವವಾಯು ಬಡಿದವರು, ಕೀಲು ಹಿಡಿದುಕೊಂಡವರು, ಮರೆವಿನವರು, ಕಾಯಿಲೆಗಿಂತ ಹೆಚ್ಚಾಗಿ ಮನೆಯೇ ಇಲ್ಲದವರು, ಎಲ್ಲರೂ ಅಕ್ಕಪಕ್ಕದ ಹಾಸಿಗೆಗಳಲ್ಲಿ ಇದ್ದರು. ಒಬ್ಬೊಬ್ಬರಿಗೂ ಇಂಥದೇ ಕಾಯಿಲೆ ಎಂದು ಪರೀಕ್ಷಿಸಿ ಬರೆದಿಟ್ಟವರು ಯಾರೂ ಇರಲಿಲ್ಲ. ಊಟ ಕೊಡುವುದು, ಶುಚಿ ಮಾಡುವುದು, ಬೀಳದಂತೆ ಹಾಸಿಗೆಯ ಪಕ್ಕಕ್ಕೆ ಅಡ್ಡಪಟ್ಟಿ ಹಾಕುವುದು, ಇಷ್ಟೇ ಚಿಕಿತ್ಸೆ. ಏಕೆ ಮಲಗಿದ್ದಾರೆ ಎಂದು ಕೇಳಿದರೆ ವಯಸ್ಸಾಗಿದೆ ಎಂಬುದೇ ಉತ್ತರ.

ವಾರೆನ್ ಮಾಡಿದ ಮೊದಲ ಕೆಲಸ ತೀರಾ ಸರಳವಾದದ್ದು. ಪ್ರತಿಯೊಬ್ಬರನ್ನೂ ಕ್ರಮವಾಗಿ ಪರೀಕ್ಷಿಸಿದರು. ಆಸ್ಪತ್ರೆಗೆ ಹೊಸದಾಗಿ ಬಂದ ಮೂವತ್ತು ವರ್ಷದ ರೋಗಿಯನ್ನು ಹೇಗೆ ನೋಡುತ್ತಾರೋ ಹಾಗೆ. ಹೃದಯ, ಶ್ವಾಸಕೋಶ, ಕೈಕಾಲಿನ ಬಲ, ಮೂತ್ರದ ಹಿಡಿತ, ಮನಸ್ಸಿನ ಸ್ಥಿತಿ, ಮೊದಲು ಹೇಗೆ ಬದುಕುತ್ತಿದ್ದರು, ಮನೆಯಲ್ಲಿ ಯಾರಿದ್ದಾರೆ, ಎಲ್ಲವನ್ನೂ ಗಮನಿಸಿದರು.

ಆಮೇಲೆ ಅವರನ್ನು ಗುಂಪುಗಳಾಗಿ ವಿಂಗಡಿಸಿದರು. ಹಾಸಿಗೆ ಬಿಟ್ಟು ಓಡಾಡಬಲ್ಲವರು, ಮಲಗಿದಲ್ಲೇ ಇದ್ದರೂ ಮಲಮೂತ್ರದ ಹಿಡಿತ ಇರುವವರು, ಹಿಡಿತ ತಪ್ಪಿದವರು, ಮರೆವು, ಗೊಂದಲ ಇದ್ದರೂ ಯಾರಿಗೂ ತೊಂದರೆ ಕೊಡದವರು, ಮರೆವು ತೀವ್ರವಾಗಿ ಬೇರೆ ವ್ಯವಸ್ಥೆಯೇ ಬೇಕಾದವರು. ಇಂದಿನ ಕಣ್ಣಿಗೆ ಈ ಪಟ್ಟಿ ಸ್ವಲ್ಪ ಒರಟಾಗಿ ಕಾಣಬಹುದು. ಆದರೆ ಅದು ಮಾಡಿದ ಕೆಲಸ ದೊಡ್ಡದು. 714 ಮಂದಿಯ ಒಂದೇ ರಾಶಿ ಬೇರೆ ಬೇರೆ ತೊಂದರೆಗಳಿರುವ ಬೇರೆ ಬೇರೆ ಮನುಷ್ಯರಾಗಿ ಕಾಣತೊಡಗಿತು. ತೊಂದರೆ ಯಾವುದೆಂದು ಗೊತ್ತಾದರೆ ತಾನೇ ಪರಿಹಾರ ಹುಡುಕಲು ಸಾಧ್ಯ?

ಬಣ್ಣ, ಬೆಳಕು, ಕುರ್ಚಿ, ಕೈಪಿಡಿ

ಎರಡನೆಯ ಹೆಜ್ಜೆಯಲ್ಲಿ ಅವರು ವಾರ್ಡನ್ನೇ ಬದಲಾಯಿಸಿದರು. ಮಂಕಾಗಿದ್ದ ಗೋಡೆಗಳಿಗೆ ತಿಳಿಬಣ್ಣ ಬಳಿಸಿದರು, ಬೆಳಕು ಹೆಚ್ಚಿಸಿದರು, ಹಾಸಿಗೆಗಳಿಗೆ ಗಾಢಬಣ್ಣದ ಹೊದಿಕೆ ತಂದರು. ಹಿಡಿದುಕೊಂಡು ನಡೆಯಲು ಕೈಪಿಡಿ, ಕೂತು ಏಳಲು ಅನುಕೂಲವಾದ ಕುರ್ಚಿಗಳು ಬಂದವು.

ಇವೆಲ್ಲ ಅಲಂಕಾರಕ್ಕೆ ಎಂದು ಅನ್ನಿಸಬಹುದು. ಆದರೆ ಯೋಚಿಸಿ ನೋಡಿ. ನೆಲಕ್ಕೆ ತೀರ ಹತ್ತಿರವಿರುವ ಕುರ್ಚಿಯಿಂದ ಮೇಲೇಳಲು ತೊಡೆಯ ಸ್ನಾಯುಗಳಿಗೆ ಹೆಚ್ಚು ಬಲ ಬೇಕು. ಆ ಬಲ ಇಲ್ಲದವರು ಏಳಲಾರರು. ಏಳಲಾರದವರನ್ನು ನಡೆಯಲಾರದವರು ಎಂದು ಬರೆದುಕೊಳ್ಳುತ್ತಾರೆ. ಅದೇ ಕುರ್ಚಿಯನ್ನು ನಾಲ್ಕು ಬೆರಳು ಎತ್ತರಿಸಿ, ಕೈ ಊರಲು ಎರಡು ಬದಿಗೂ ಹಿಡಿ ಕೊಟ್ಟರೆ ಅದೇ ವ್ಯಕ್ತಿ ಎದ್ದು ನಿಲ್ಲಬಹುದು. ಕಣ್ಣು ಮಂಜಾದವರಿಗೆ ಕತ್ತಲ ವಾರ್ಡಿನಲ್ಲಿ ಹಗಲು ಯಾವುದು, ರಾತ್ರಿ ಯಾವುದು ಎಂಬುದೇ ಗೊತ್ತಾಗದೆ ಮನಸ್ಸು ಗೊಂದಲಕ್ಕೆ ಬೀಳಬಹುದು. ಹೀಗೆ ರೋಗಿಯ ಸಾಮರ್ಥ್ಯ ದೇಹದಿಂದ ಎಷ್ಟು ನಿರ್ಧಾರವಾಗುತ್ತದೋ ಸುತ್ತಲಿನ ಕೋಣೆಯಿಂದಲೂ ಅಷ್ಟೇ ನಿರ್ಧಾರವಾಗುತ್ತದೆ.

ಮೂರನೆಯ ಹೆಜ್ಜೆ, ಒಬ್ಬರೇ ಮಾಡುವ ಕೆಲಸ ಇದಲ್ಲ ಎಂದು ಅರಿತದ್ದು. ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಮನೆಯ ಪರಿಸ್ಥಿತಿ ವಿಚಾರಿಸುವ ಸಮಾಜ ಕಾರ್ಯಕರ್ತರು ಒಂದೇ ತಂಡವಾಗಿ ಕೆಲಸ ಮಾಡಬೇಕು ಎಂದು ಅವರು ಹೇಳಿದರು. ಪಾರ್ಶ್ವವಾಯು ಬಡಿದವರನ್ನು ಆದಷ್ಟು ಬೇಗ ಎಬ್ಬಿಸಿ ಕೂರಿಸಿ, ನಿಲ್ಲಿಸಿ, ನಡೆಸುವುದರಲ್ಲಿ ಅವರಿಗೆ ವಿಶೇಷ ಆಸಕ್ತಿ ಇತ್ತು.

ಫಲ ಕಾಣಲು ತಡವಾಗಲಿಲ್ಲ. ವರ್ಷಗಟ್ಟಲೆ ಮಲಗಿದ್ದ ಹಲವರು ಎದ್ದು ಓಡಾಡಿದರು. ಕೆಲವರು ಮನೆಗೆ ಹೋದರು, ಕೆಲವರು ವೃದ್ಧರ ವಸತಿಗಳಿಗೆ ಹೋದರು. ಆಸ್ಪತ್ರೆಯಲ್ಲೇ ಆರೈಕೆ ಬೇಕಾದವರಿಗೆ ಆರೈಕೆ ಮುಂದುವರಿಯಿತು. 714 ಹಾಸಿಗೆ ಬೇಕಿದ್ದ ಕೆಲಸಕ್ಕೆ ಕೊನೆಗೆ 240 ಹಾಸಿಗೆ ಸಾಕಾಯಿತು. ಹಿಂದೆ ಒಮ್ಮೆ ಸೇರಿದವರು ಸಾಯುವ ತನಕ ಅಲ್ಲೇ ಇರುತ್ತಿದ್ದರು. ಈಗ ಬಂದವರು ಚೇತರಿಸಿಕೊಂಡು ಹೋಗುತ್ತಿದ್ದರು, ಆ ಹಾಸಿಗೆ ಇನ್ನೊಬ್ಬರಿಗೆ ಸಿಗುತ್ತಿತ್ತು.

ಇಲ್ಲಿ ಒಂದು ಮಾತು ಗಮನಿಸಬೇಕು. ವಾರೆನ್ ಹೊಸ ಔಷಧಿ ಕಂಡುಹಿಡಿಯಲಿಲ್ಲ, ಹೊಸ ಯಂತ್ರ ತರಲಿಲ್ಲ. ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ವೈದ್ಯಕೀಯವನ್ನೇ ಅದು ಸಿಗದಿದ್ದವರಿಗೆ ಸಿಗುವ ಹಾಗೆ ಮಾಡಿದರು.

ಹಾಸಿಗೆ ದೇಹಕ್ಕೆ ಏನು ಮಾಡುತ್ತದೆ?

ಮಲಗಿರುವುದು ವಿಶ್ರಾಂತಿ ಎಂದು ನಾವು ತಿಳಿದಿದ್ದೇವೆ. ಒಂದೆರಡು ದಿನದ ಜ್ವರಕ್ಕೆ ಅದು ಸರಿ. ಆದರೆ ವಾರಗಟ್ಟಲೆ ಮಲಗಿದರೆ ದೇಹದ ಒಂದೊಂದು ಅಂಗವೂ ತನ್ನ ಕೆಲಸ ಮರೆಯತೊಡಗುತ್ತದೆ.

ಮೊದಲ ಪೆಟ್ಟು ಸ್ನಾಯುಗಳಿಗೆ. 2007ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕೆಜಿ ಸ್ನಾಯು ಕರಗಿತ್ತು. ಅವರು ಯಾವ ಕಾಯಿಲೆಯೂ ಇಲ್ಲದವರು. ಮೂಳೆ ಮುರಿದು, ಹಸಿವೂ ಕಡಿಮೆಯಾದವರ ಪಾಡು ಇದಕ್ಕಿಂತ ಕಷ್ಟ.

ಮಲಗಿದ್ದಾಗ ಕಾಲಿನ ರಕ್ತನಾಳಗಳಲ್ಲಿ ರಕ್ತದ ಓಟ ನಿಧಾನವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಶ್ವಾಸಕೋಶದ ಕೆಳಭಾಗಗಳು ಪೂರ್ತಿ ಹಿಗ್ಗದೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಸೊಂಟ, ಹಿಮ್ಮಡಿಯ ಚರ್ಮ ಒತ್ತಿಕೊಂಡು ಹುಣ್ಣಾಗುತ್ತದೆ. ಮಲಬದ್ಧತೆ, ಮೂತ್ರದ ಸೋಂಕು, ಮೂಳೆಯ ಸವೆತ ಜೊತೆಗೂಡುತ್ತವೆ. ಹಲವು ದಿನಗಳ ನಂತರ ಎದ್ದಾಗ ರಕ್ತದೊತ್ತಡ ತಟ್ಟನೆ ಕುಸಿದು ಕಣ್ಣು ಕತ್ತಲಿಟ್ಟು ಮತ್ತೆ ಬೀಳುವ ಅಪಾಯವಿದೆ. 1947ರಲ್ಲೇ ಲಂಡನ್ನಿನ ರಿಚರ್ಡ್ ಆಶರ್ ಎಂಬ ವೈದ್ಯರು ಹಾಸಿಗೆಯ ಈ ಅಪಾಯಗಳನ್ನೆಲ್ಲ ಒಟ್ಟುಗೂಡಿಸಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು.

ಅಂದರೆ ವಾರೆನ್ ಅವರ ವಾರ್ಡಿನಲ್ಲಿ ಮಲಗಿದ್ದವರ ಎಷ್ಟೋ ತೊಂದರೆಗಳು ವಯಸ್ಸಿನಿಂದ ಬಂದವಾಗಿರಲಿಲ್ಲ. ಮಲಗಿಸಿದ್ದರಿಂದ ಬಂದವು.

ಬರಹ, ಸಂಘ, ಪ್ರಯಾಣ

ತಮ್ಮ ಅನುಭವವನ್ನು ವಾರೆನ್ 1943ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 1946ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬಂತು. ವೃದ್ಧರ ಚಿಕಿತ್ಸೆಯನ್ನು ಊರಾಚೆಯ ಯಾವುದೋ ಕಟ್ಟಡಕ್ಕೆ ತಳ್ಳಬಾರದು, ಸಾಮಾನ್ಯ ಆಸ್ಪತ್ರೆಯ ಒಳಗೇ ಅದಕ್ಕೊಂದು ವಿಭಾಗ ಇರಬೇಕು ಎಂಬುದು ಅವರ ಮುಖ್ಯ ಬೇಡಿಕೆ. ಅದಕ್ಕೆ ಕಾರಣವೂ ಸ್ಪಷ್ಟ. ಎಕ್ಸ್‌ರೇ, ಲ್ಯಾಬ್, ಆಪರೇಷನ್ ಥಿಯೇಟರ್, ತಜ್ಞರು ಎಲ್ಲ ಇರುವುದು ಅಲ್ಲಿಯೇ. ದೂರದ ಕಟ್ಟಡದಲ್ಲಿದ್ದರೆ ಮುರಿದ ಮೂಳೆಯೂ ಸರಿಯಾಗುವುದಿಲ್ಲ, ಕಾಣದ ಗಡ್ಡೆಯೂ ಪತ್ತೆಯಾಗುವುದಿಲ್ಲ. ಇನ್ನೊಂದು ಬೇಡಿಕೆ, ವೈದ್ಯಕೀಯ ವಿದ್ಯಾರ್ಥಿಗಳು ಈ ವಾರ್ಡ್‌ಗಳಿಗೆ ಬಂದು ಕಲಿಯಬೇಕು ಎಂಬುದು. ಪಾಠದಲ್ಲಿ ಇಲ್ಲದ ರೋಗಿ ಮುಂದೆ ವೃತ್ತಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

1947ರಲ್ಲಿ ಇದೇ ಯೋಚನೆಯ ಕೆಲವೇ ವೈದ್ಯರು ಸೇರಿ ವೃದ್ಧರ ಆರೈಕೆಗಾಗಿ ಒಂದು ವೈದ್ಯ ಸಂಘ ಕಟ್ಟಿದರು. ವಾರೆನ್ ಅದರ ಸ್ಥಾಪಕರಲ್ಲಿ ಒಬ್ಬರು. ಇಂದಿನ ಬ್ರಿಟಿಷ್ ಜೀರಿಯಾಟ್ರಿಕ್ಸ್ ಸೊಸೈಟಿ ಅದೇ ಸಂಘ. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ವೃದ್ಧರ ವೈದ್ಯಶಾಸ್ತ್ರಕ್ಕೆ ಅದರಲ್ಲಿ ಜಾಗ ಸಿಕ್ಕಿತು. ವಾರೆನ್ ಹಲವು ದೇಶಗಳಿಗೆ ಹೋಗಿ ಉಪನ್ಯಾಸ ಕೊಟ್ಟರು. ಹೊರದೇಶಗಳಿಂದಲೂ ವೈದ್ಯರು ಅವರ ವಾರ್ಡ್ ನೋಡಲು ಬರುತ್ತಿದ್ದರು.

ಅವರು ಮದುವೆಯಾಗಲಿಲ್ಲ, ಬದುಕಿನ ಬಹುಪಾಲು ಒಂದೇ ಆಸ್ಪತ್ರೆಯಲ್ಲಿ ಕಳೆಯಿತು. 1960ರಲ್ಲಿ ಜರ್ಮನಿಯಲ್ಲಿ ನಡೆಯಲಿದ್ದ ಸಮ್ಮೇಳನವೊಂದಕ್ಕೆ ಹೋಗುವಾಗ ಫ್ರಾನ್ಸ್‌ನಲ್ಲಿ ಅವರ ಕಾರು ಅಪಘಾತಕ್ಕೀಡಾಯಿತು. ಸೆಪ್ಟೆಂಬರ್ 5ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 62 ವರ್ಷ.

ವಾರ್ಡಿನಿಂದ ಆಪರೇಷನ್ ಥಿಯೇಟರ್‌ಗೆ

ವಾರೆನ್ ಅವರ ಕೆಲಸ ನಡೆದದ್ದು ಹೆಚ್ಚಾಗಿ ವಾರ್ಡಿನಲ್ಲಿ. ಅದೇ ನಿಯಮಗಳನ್ನು ಶಸ್ತ್ರಚಿಕಿತ್ಸೆಗೆ ಒಯ್ದವರಲ್ಲಿ ಮುಖ್ಯರು ಲಯನಲ್ ಕಾಸಿನ್. ಇವರು ಸರ್ಜನ್. 1940ರ ದಶಕದಲ್ಲಿ ಲಂಡನ್ನಿನ ಪೂರ್ವಕ್ಕಿರುವ ಎಸೆಕ್ಸ್‌ನ ಆರ್ಸೆಟ್ ಎಂಬ ಊರಿನಲ್ಲಿ ಇಂಥದೇ ವಾಸಿಯಾಗದವರ ವಾರ್ಡ್‌ಗಳ ಹೊಣೆ ಅವರಿಗೆ ಬಂತು. 1947ರ ಸಂಘದಲ್ಲಿ ವಾರೆನ್ ಜೊತೆ ಇವರೂ ಇದ್ದರು.

ಆಗ ಸೊಂಟದ ಬಳಿ ತೊಡೆಮೂಳೆ ಮುರಿದ ವೃದ್ಧರನ್ನು ಕಾಲಿಗೆ ಭಾರ ಕಟ್ಟಿ ಎಳೆದು ಅಥವಾ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸುವುದು ವಾಡಿಕೆ. ಮೂಳೆ ಕೂಡುವ ಮೊದಲೇ ನ್ಯುಮೋನಿಯಾ, ಹುಣ್ಣು, ರಕ್ತದ ಹೆಪ್ಪು ಅನೇಕರನ್ನು ಬಲಿ ತೆಗೆದುಕೊಳ್ಳುತ್ತಿದ್ದವು. ಅಷ್ಟರಲ್ಲಿ ಅಮೆರಿಕದ ಬಾಸ್ಟನ್ ನಗರದ ಸರ್ಜನ್ ಸ್ಮಿತ್ ಪೀಟರ್ಸನ್ ಮೂಳೆಯ ತುಂಡುಗಳನ್ನು ಒಳಗಿನಿಂದ ಹಿಡಿದಿಡುವ ಮೂರು ಅಲಗಿನ ಲೋಹದ ಮೊಳೆಯನ್ನು ಬಳಕೆಗೆ ತಂದಿದ್ದರು. 1931ರಲ್ಲಿ ಅವರ ವರದಿ ಪ್ರಕಟವಾಯಿತು. ಮೂಳೆ ಒಳಗಿನಿಂದ ಗಟ್ಟಿಯಾಗಿ ನಿಂತರೆ ರೋಗಿ ಮಲಗಬೇಕಾಗಿಲ್ಲ.

ಕಾಸಿನ್ ಈ ಅವಕಾಶವನ್ನು ಬಳಸಿಕೊಂಡರು. ಮೂಳೆ ಮುರಿದ ವೃದ್ಧೆಯರಿಗೆ ಶಸ್ತ್ರಚಿಕಿತ್ಸೆ ಮಾಡಿ ಬೇಗನೆ ಎಬ್ಬಿಸಿ ನಡೆಸಿದರು. ವಯಸ್ಸಾದವರೂ ಶಸ್ತ್ರಚಿಕಿತ್ಸೆ ತಡೆದುಕೊಳ್ಳುತ್ತಾರೆ, ಮನೆಗೂ ಹೋಗುತ್ತಾರೆ ಎಂಬುದು ಕಣ್ಣೆದುರು ಕಂಡಿತು. ಮುಂದೆ ಅವರು ಆಕ್ಸ್‌ಫರ್ಡ್‌ಗೆ ಹೋಗಿ, ಮನೆಯಲ್ಲೇ ಇದ್ದುಕೊಂಡು ಹಗಲು ಬಂದು ಚಿಕಿತ್ಸೆ ಪಡೆಯುವ ಹಗಲು ಆಸ್ಪತ್ರೆಯನ್ನೂ ಕಟ್ಟಿಸಿದರು. ಅದು ಶುರುವಾದದ್ದು 1958ರಲ್ಲಿ.

ಇನ್ನೊಂದು ಹೆಜ್ಜೆ ಇಟ್ಟವರು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್ ಊರಿನ ಇಬ್ಬರು. ಮೂಳೆ ಸರ್ಜನ್ ಮೈಕೇಲ್ ಡೇವಾಸ್ ಮತ್ತು ವೃದ್ಧರ ವೈದ್ಯ ಬಾಬಿ ಅರ್ವೈನ್. ಸರ್ಜನ್ ಒಂದು ಕಡೆ, ವೃದ್ಧರ ವೈದ್ಯರು ಇನ್ನೊಂದು ಕಡೆ ಇದ್ದರೆ ರೋಗಿ ನಡುವೆ ಸಿಕ್ಕಿ ನರಳುತ್ತಾನೆ ಎಂದು ಅರಿತು ಇಬ್ಬರೂ ಒಂದೇ ರೋಗಿಗಳನ್ನು ಜೊತೆಯಾಗಿ ನೋಡಿಕೊಳ್ಳುವ ಪದ್ಧತಿ ತಂದರು. ಇಂದು ಆರ್ಥೋಜೀರಿಯಾಟ್ರಿಕ್ಸ್ ಎಂದು ಕರೆಯುವ ಸೇವೆಯ ಬೇರು ಇಲ್ಲಿದೆ.

ಇದರಿಂದ ನಿಜಕ್ಕೂ ಜೀವ ಉಳಿಯುತ್ತದೆಯೇ?

ಉಳಿಯುತ್ತದೆ ಎಂದು ಅಂಕಿ ಅಂಶ ಹೇಳುತ್ತದೆ. ಬ್ರಿಟನ್ನಿನಲ್ಲಿ 2007ರಿಂದ ಸೊಂಟದ ಮೂಳೆ ಮುರಿತದ ರೋಗಿಗಳ ವಿವರವನ್ನು ರಾಷ್ಟ್ರಮಟ್ಟದಲ್ಲಿ ದಾಖಲಿಸಲಾಗುತ್ತಿದೆ. ಬೇಗನೆ ಶಸ್ತ್ರಚಿಕಿತ್ಸೆ, ಜೊತೆಗೆ ವೃದ್ಧರ ವೈದ್ಯರ ತಪಾಸಣೆ, ಇವೆರಡನ್ನೂ ಪಾಲಿಸಿದ ಆಸ್ಪತ್ರೆಗಳಿಗೆ 2010ರಿಂದ ಹೆಚ್ಚು ಹಣ ಸಿಗುವ ವ್ಯವಸ್ಥೆ ಬಂತು. ಶಸ್ತ್ರಚಿಕಿತ್ಸೆಗೆ 36 ಗಂಟೆಗಳ ಗಡುವು. ಇಂಗ್ಲೆಂಡಿನಲ್ಲಿ ಮೂಳೆ ಮುರಿದ 30 ದಿನಗಳೊಳಗೆ ಸಾಯುವವರ ಪ್ರಮಾಣ 2007ರಲ್ಲಿ ಶೇ. 10.9 ಇದ್ದದ್ದು 2011ರಲ್ಲಿ ಶೇ. 8.5ಕ್ಕೆ ಇಳಿಯಿತು.

ಮೂಳೆಯ ಶಸ್ತ್ರಚಿಕಿತ್ಸೆಗೆ ಮಾತ್ರ ಇದು ಸೀಮಿತವಲ್ಲ. ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳಲ್ಲಿ 2003ರಿಂದ ಶಸ್ತ್ರಚಿಕಿತ್ಸೆಗೆ ಬರುವ ಹಿರಿಯರಿಗಾಗಿ ಪ್ರತ್ಯೇಕ ತಂಡವಿದೆ. ಅದನ್ನು ಪಾಪ್ಸ್ ಎಂದು ಕರೆಯುತ್ತಾರೆ. ಚಾಕು ಹಿಡಿಯುವ ಮೊದಲೇ ಈ ತಂಡ ಹಿರಿಯರನ್ನು ಸಮಗ್ರವಾಗಿ ಪರೀಕ್ಷಿಸುತ್ತದೆ. ಅಲ್ಲಿನ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಬಂದ ಹಿರಿಯರನ್ನು ಎರಡು ಗುಂಪು ಮಾಡಿದ್ದರು. ಎಂದಿನಂತೆ ತಯಾರಿ ನಡೆದ ಗುಂಪಿನಲ್ಲಿ ಶೇ. 24 ಮಂದಿಗೆ ಶಸ್ತ್ರಚಿಕಿತ್ಸೆಯ ನಂತರ ಸನ್ನಿ ಕಾಣಿಸಿಕೊಂಡಿತು. ಸಮಗ್ರ ತಪಾಸಣೆ ನಡೆದ ಗುಂಪಿನಲ್ಲಿ ಅದು ಶೇ. 11. ಈ ಗುಂಪಿನವರು ಮನೆಗೂ ಬೇಗ ಹೋದರು.

ಸನ್ನಿ ಎಂದರೆ ಡಾಕ್ಟರ್‌ಗಳು ಡಿಲಿರಿಯಂ ಎನ್ನುವ ಸ್ಥಿತಿ. ನಿನ್ನೆಯವರೆಗೆ ಚೆನ್ನಾಗಿ ಮಾತಾಡುತ್ತಿದ್ದವರು ಆಪರೇಷನ್ ಆದ ಮೇಲೆ ಮಕ್ಕಳ ಗುರುತು ಹಿಡಿಯದೆ, ಎಲ್ಲಿದ್ದೇನೆ ಎಂದು ತಿಳಿಯದೆ ಬಡಬಡಿಸುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅನಸ್ತೇಶಿಯಾ ತಲೆಗೇರಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ನಿಜವಾದ ಕಾರಣಗಳು ಹಲವು: ಸರಿಯಾಗಿ ಶಮನವಾಗದ ನೋವು, ನೀರಿನ ಕೊರತೆ, ಸೋಂಕು, ಕೆಲವು ನಿದ್ರೆ ಮಾತ್ರೆಗಳು, ಮೂತ್ರ ಕಟ್ಟಿಕೊಳ್ಳುವುದು, ನಿದ್ದೆ ಇಲ್ಲದಿರುವುದು, ಕನ್ನಡಕ ಮತ್ತು ಶ್ರವಣಯಂತ್ರ ಕಳಚಿಟ್ಟಿರುವುದು. ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು.

ಇಂಥ ಸೇವೆ ಕಟ್ಟಲು ಏನು ಬೇಕು?

ದೊಡ್ಡ ಯಂತ್ರಗಳು ಬೇಕು ಎಂದು ಅಂದುಕೊಂಡರೆ ತಪ್ಪು. ವಾರೆನ್ ಅವರ ವಾರ್ಡನ್ನು ನೆನಪಿಸಿಕೊಂಡರೆ ಇವತ್ತಿನ ಪಟ್ಟಿ ಸುಲಭವಾಗಿ ಅರ್ಥವಾಗುತ್ತದೆ.

ಒಂದು, ಶಸ್ತ್ರಚಿಕಿತ್ಸೆಗೆ ಮುಂಚೆ ಇಡೀ ವ್ಯಕ್ತಿಯ ತಪಾಸಣೆ. ಹೃದಯ, ಮೂತ್ರಪಿಂಡ, ಸಕ್ಕರೆಯ ಜೊತೆಗೆ ನೆನಪಿನ ಶಕ್ತಿ, ಪೌಷ್ಟಿಕತೆ, ನಡಿಗೆ, ದಿನಕ್ಕೆ ನುಂಗುವ ಎಲ್ಲ ಮಾತ್ರೆಗಳು, ಮನೆಯ ಪರಿಸ್ಥಿತಿ. ಜನನ ಪ್ರಮಾಣಪತ್ರದ ವಯಸ್ಸಿಗಿಂತ ದೇಹದ ಒಳಶಕ್ತಿ ಎಷ್ಟು ಉಳಿದಿದೆ ಎಂಬುದು ಇಲ್ಲಿ ಮುಖ್ಯ. 85 ವರ್ಷದ ಗಟ್ಟಿಮುಟ್ಟಾದ ವ್ಯಕ್ತಿಗಿಂತ 68 ವರ್ಷದ ಬಡಕಲು ವ್ಯಕ್ತಿಗೆ ಅಪಾಯ ಹೆಚ್ಚಿರಬಹುದು.

ಎರಡು, ಸಮಯ. ತುರ್ತಿನದಾದರೆ ತಡ ಮಾಡಬಾರದು. ಕಾಯಬಹುದಾದ ಶಸ್ತ್ರಚಿಕಿತ್ಸೆಯಾದರೆ ಕೆಲವು ವಾರ ಊಟ, ವ್ಯಾಯಾಮ, ರಕ್ತಹೀನತೆಯ ಚಿಕಿತ್ಸೆಗೆ ಬಳಸಬಹುದು.

ಮೂರು, ಮಂಪರು ಕಡಿಮೆ ಇರುವಂಥ ನೋವಿನ ಚಿಕಿತ್ಸೆ ಮತ್ತು ಸನ್ನಿ ತಡೆಯುವ ಕ್ರಮಗಳು. ನಾಲ್ಕು, ಸಾಧ್ಯವಾದರೆ ಮಾರನೆಯ ದಿನವೇ ಎಬ್ಬಿಸಿ ಕೂರಿಸಿ ನಿಲ್ಲಿಸುವುದು. ಐದು, ಮತ್ತೆ ಬೀಳದಂತೆ ಮೂಳೆ ಸವೆತಕ್ಕೆ ಔಷಧಿ, ಕಣ್ಣಿನ ಪರೀಕ್ಷೆ, ಮನೆಯ ಬಚ್ಚಲಿಗೆ ಕೈಪಿಡಿ. ಆರು, ಮನೆಗೆ ಕಳಿಸುವ ಯೋಜನೆಯನ್ನು ಸೇರಿಸಿಕೊಂಡ ದಿನವೇ ಶುರುಮಾಡುವುದು.

ಕಷ್ಟದ ವಿಷಯವೆಂದರೆ ಇವನ್ನೆಲ್ಲ ಒಬ್ಬರೇ ಮಾಡಲಾಗದು. ಸರ್ಜನ್, ಅನಸ್ತೇಶಿಯಾ ತಜ್ಞರು, ವೃದ್ಧರ ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು ಒಂದೇ ರೋಗಿಯ ಸುತ್ತ ನಿಲ್ಲಬೇಕು. ಭಾರತದಲ್ಲಿ ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ 2010ರ ಹೊತ್ತಿಗೆ ಶುರುವಾಯಿತು. ಇಂಥ ತಂಡಗಳು ಮಾತ್ರ ಇನ್ನೂ ಎಲ್ಲ ಕಡೆ ಇಲ್ಲ. ಹಾಗಾಗಿ ಹಲವು ಕುಟುಂಬಗಳು ತಾವೇ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

ಹಾಗಾದರೆ ಎಲ್ಲ ಹಿರಿಯರಿಗೂ ಆಪರೇಷನ್ ಮಾಡಿಸಲೇಬೇಕೇ?

ಇಲ್ಲ. ಮೊದಲನೆಯ ನಂಬಿಕೆಯಲ್ಲಿ ಅರ್ಧ ಸತ್ಯವಿದೆ ಎಂದು ಆರಂಭದಲ್ಲಿ ಹೇಳಿದ್ದೆವು. ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆಯ ಅಪಾಯ ಕಿರಿಯರಿಗಿಂತ ಹೆಚ್ಚು ಎಂಬುದು ನಿಜ. ಕೆಲವರಿಗೆ ಲಾಭಕ್ಕಿಂತ ತೊಂದರೆಯೇ ಹೆಚ್ಚಾಗಬಹುದು. ಕೊನೆಯ ಹಂತದ ಕಾಯಿಲೆ ಇರುವವರಿಗೆ ನೋವು ಕಡಿಮೆ ಮಾಡಿ ನೆಮ್ಮದಿಯಿಂದ ಇರಿಸುವುದೇ ಸರಿಯಾದ ದಾರಿ ಆಗಬಹುದು. ವಾರೆನ್ ಅವರ ವಾರ್ಡಿನಲ್ಲೂ ಎಲ್ಲರೂ ಎದ್ದು ಮನೆಗೆ ಹೋಗಲಿಲ್ಲ.

ಆದರೆ ಬೇಡ ಎಂಬ ನಿರ್ಧಾರ ತಪಾಸಣೆಯ ನಂತರ ಬರಬೇಕು, ವಯಸ್ಸು ಕೇಳಿದ ಕೂಡಲೇ ಬರಬಾರದು. ಆ ನಿರ್ಧಾರದಲ್ಲಿ ಹಿರಿಯರ ಇಚ್ಛೆಗೆ ಮೊದಲ ಸ್ಥಾನ ಇರಬೇಕು. ನಮ್ಮ ಮನೆಗಳಲ್ಲಿ ಮಕ್ಕಳು, ಅಳಿಯಂದಿರು, ನೆಂಟರು ಎಲ್ಲರ ಅಭಿಪ್ರಾಯ ಕೇಳಿದ ಮೇಲೂ ಹಾಸಿಗೆಯಲ್ಲಿರುವವರನ್ನು ಕೇಳುವುದು ಕೆಲವೊಮ್ಮೆ ಮರೆತುಹೋಗುತ್ತದೆ.

ಸೊಂಟದ ಮೂಳೆ ಮುರಿದಿದ್ದರಂತೂ ಇನ್ನೊಂದು ಲೆಕ್ಕ ನೆನಪಿರಲಿ. ಶಸ್ತ್ರಚಿಕಿತ್ಸೆ ಬೇಡವೆಂದರೆ ಅಪಾಯ ತಪ್ಪಿತು ಎಂದಲ್ಲ. ತಿಂಗಳುಗಟ್ಟಲೆ ಮಲಗುವ ಅಪಾಯವನ್ನು ಆರಿಸಿಕೊಂಡ ಹಾಗೆ. ಎರಡೂ ತಟ್ಟೆಗಳನ್ನು ತೂಗಿ ನೋಡಬೇಕು.

ನಿಮ್ಮ ಮನೆಯ ಹಿರಿಯರು ಶಸ್ತ್ರಚಿಕಿತ್ಸೆಯ ಎದುರು ನಿಂತಾಗ ಡಾಕ್ಟರನ್ನು ಈ ಪ್ರಶ್ನೆಗಳನ್ನು ಕೇಳಬಹುದು:

• ಮಾಡಿಸಿದರೆ ಏನಾಗಬಹುದು, ಮಾಡಿಸದಿದ್ದರೆ ಏನಾಗಬಹುದು?
• ಎಷ್ಟು ಬೇಗ ಆಗಬೇಕು? ತಡವಾಗುತ್ತಿದ್ದರೆ ಕಾರಣವೇನು?
• ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು?
• ಸನ್ನಿ ಬಾರದಂತೆ ಏನು ಮಾಡುತ್ತೀರಿ? ಕನ್ನಡಕ, ಶ್ರವಣಯಂತ್ರ ಜೊತೆಗಿಡಬಹುದೇ? ಮನೆಯವರು ಪಕ್ಕದಲ್ಲಿರಬಹುದೇ?
• ಎಷ್ಟನೇ ದಿನ ಎಬ್ಬಿಸಿ ನಡೆಸುತ್ತೀರಿ? ಫಿಸಿಯೋಥೆರಪಿ ಯಾರು ಮಾಡಿಸುತ್ತಾರೆ?
• ಮತ್ತೆ ಬೀಳದಂತೆ, ಮತ್ತೆ ಮುರಿಯದಂತೆ ಏನು ಮಾಡಬೇಕು?

ರಕ್ತ ತೆಳುಮಾಡುವ ಮಾತ್ರೆಗಳೂ ಸೇರಿದಂತೆ ಯಾವುದನ್ನೂ ಡಾಕ್ಟರ್ ಹೇಳದೆ ನೀವೇ ನಿಲ್ಲಿಸಬೇಡಿ.

ಹಿರಿಯರೊಬ್ಬರು ಹಾಸಿಗೆ ಹಿಡಿದಾಗ ವಯಸ್ಸಾಯಿತು ಎನ್ನುವುದು ಸುಲಭ. 1935ರಲ್ಲಿ ಮ್ಯಾರ್ಜರಿ ವಾರೆನ್ ಅದನ್ನು ಉತ್ತರವೆಂದು ಒಪ್ಪಿಕೊಂಡಿದ್ದರೆ ಆ ನೂರಾರು ಮಂದಿ ಗೋಡೆ ನೋಡುತ್ತಲೇ ಕೊನೆಯುಸಿರೆಳೆಯುತ್ತಿದ್ದರು. ವಯಸ್ಸು ಕಾಯಿಲೆಯ ಹೆಸರಲ್ಲ. ಏಕೆ ಏಳಲಾಗುತ್ತಿಲ್ಲ ಎಂದು ಕೇಳಿ, ಪರೀಕ್ಷೆ ಮಾಡಿಸಿ, ಆಮೇಲೆ ನಿರ್ಧರಿಸಿ.